ಇಪ್ಪತ್ತು ದಿನದ ಗಿರಾಕಿ

ಮಲಗಿದ ಗಿರಾಕಿಯನ್ನು ಎಬ್ಬಿಸಿ ಕುಡಿಸುವ ಕೆಲಸವೂ ಒಂದಿದೆ ಎಂದು ನನಗೆ ತಿಳಿದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಊರು ಬಿಟ್ಟು ಬಂದು, ಪರರಾಜ್ಯದ ನೌಪಾಡಾದಲ್ಲಿ ಮೂವತ್ತು ವರ್ಷ ಸಸ್ಯಾಹಾರಿ ಹೋಟೆಲು ನಡೆಸಿದವನು ನಾನು. ಮೇಜಿನ ಮೇಲೆ ತಲೆಯಿಟ್ಟು ತೂಕಡಿಸಿದವರನ್ನು ಎಬ್ಬಿಸಿ ಮನೆಗೆ ಕಳಿಸಿದ್ದುಂಟು. ಎಬ್ಬಿಸಿ ಇನ್ನಷ್ಟು ಕುಡಿಯಿರಿ ಎಂದು ಒತ್ತಾಯಿಸಿದ್ದಿಲ್ಲ.

ಈ ಗಿರಾಕಿ ನನ್ನ ಮೊಮ್ಮಗ. ವಯಸ್ಸು ಇಪ್ಪತ್ತು ದಿನ. ಮಗಳು ಹೆರಿಗೆಗೆಂದು ಕಾಮೋಠೆಯ ನಮ್ಮ ಮನೆಗೆ ಬಂದಿದ್ದಾಳೆ. ಮಗುವಿನ ತೂಕ ತುಸು ಕಡಿಮೆ, ಹಾಗಾಗಿ ರಾತ್ರಿಯೂ ಮೂರು ಗಂಟೆಗೊಮ್ಮೆ ಎಬ್ಬಿಸಿ ತಾಯಿಹಾಲು ಕುಡಿಸಿ, ನೀರುಗೀರು ಕೊಡಬೇಡಿ, ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾಗಬೇಕು ಎಂದರು ಡಾಕ್ಟರು. ಅಷ್ಟು ಸಾಕಾಯಿತು, ನನ್ನೊಳಗಿನ ನಿವೃತ್ತ ಮ್ಯಾನೇಜರು ಎದ್ದು ಕೂತ. ಕಪಾಟಿನಿಂದ ಹಳೆಯ ಆರ್ಡರ್ ಚೀಟಿಗಳ ಕಟ್ಟು ತೆಗೆದೆ. ಕುಡಿದರೆ ಒಂದು ಚೀಟಿ, ಒದ್ದೆಯಾದರೆ ಇನ್ನೊಂದು. ‘ಟೇಬಲ್ ನಂಬರ್’ ಎಂದಿದ್ದಲ್ಲಿ ‘ತೊಟ್ಟಿಲು’ ಎಂದು ಬರೆದೆ. ಪಾದಕ್ಕೆ ಕಚಗುಳಿಯಿಟ್ಟು ಎಬ್ಬಿಸಿದರೆ ಅವನು ಒಂದೇ ಕಣ್ಣು ತೆರೆದು, ಬಾಗಿಲು ಮುಚ್ಚುವ ಹೊತ್ತಿಗೆ ಬಂದವರನ್ನು ನಾನು ನೋಡುತ್ತಿದ್ದ ಹಾಗೆ ನೋಡಿ, ಮತ್ತೆ ಮಲಗುತ್ತಿದ್ದ.

ಮೇ ತಿಂಗಳ ಒಂದು ರಾತ್ರಿ, ಮೂರು ಗಂಟೆಗೆ, ಲೆಕ್ಕ ತಾಳೆಯಾಗಲಿಲ್ಲ. ಸಂಜೆಯಿಂದ ಕುಡಿದ ಚೀಟಿ ಮೂರು, ಒದ್ದೆಯದು ಒಂದೂ ಇಲ್ಲ. ಈ ಊರಿನ ಮಳೆಗಾಲದಲ್ಲಿ ಒಣಬಟ್ಟೆಗಾಗಿ ಹಂಬಲಿಸಿದವರು ಬಹಳ. ಒದ್ದೆಬಟ್ಟೆಗಾಗಿ ದೇವರಿಗೆ ಕೈಮುಗಿದವನು ನಾನೊಬ್ಬನೇ ಇರಬೇಕು. ಮುಟ್ಟಿ ನೋಡಿದೆ, ಹಪ್ಪಳದಂತೆ ಒಣಗಿತ್ತು. ನಿಜಕ್ಕೂ ಹೆದರಿಕೆಯಾಯಿತು. ಡಾಕ್ಟರಿಗೆ ಫೋನ್ ಮಾಡಿದೆ.

“ಇನ್ನೊಮ್ಮೆ ಕುಡಿಸಿ. ಒಂದು ಗಂಟೆಯೊಳಗೆ ಒದ್ದೆಯಾಗದಿದ್ದರೆ ಕರೆದುಕೊಂಡು ಬನ್ನಿ. ಅಂದ ಹಾಗೆ, ತಾಯಿ ಎಷ್ಟು ನೀರು ಕುಡೀತಾಳೆ?” ಎಂದರು.

ಆ ಚೀಟಿ ನನ್ನಲ್ಲಿರಲಿಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ನನ್ನ ಹೆಂಡತಿ ಮಗಳಿಗೆ ದಿನಕ್ಕೆ ಎರಡೇ ಲೋಟ ಬಿಸಿನೀರು ಕೊಡುತ್ತಿದ್ದಳು. ಇಲ್ಲೇ ಹುಟ್ಟಿ ಬೆಳೆದ ಮಗಳಿಗೆ ಸಿಟ್ಟು ಬಂದರೆ ಬರುವುದು ಹಿಂದಿ. “ಪಪ್ಪಾ, ಚೀಟಿ ಛೋಡೋ. ಪೆಹಲೇ ಮುಝೇ ಪಾನೀ ದೋ,” ಎಂದಳು.

ನೀರಿನ ಜಗ್ಗು ತಂದೆ. ಮೂರು ಲೋಟ ಉಸಿರು ಬಿಡದೆ ಕುಡಿದು, ಮಗುವಿಗೆ ಹಾಲು ಕೊಟ್ಟಳು. ತಾಯಿಯೆಂಬ ಅಡುಗೆಮನೆಯ ನಲ್ಲಿಯೇ ನಿಂತದ್ದನ್ನು ನೋಡದೆ ಗಿರಾಕಿಯ ಪಾದಕ್ಕೆ ಕಚಗುಳಿಯಿಡುತ್ತಿದ್ದ ನನ್ನ ಮ್ಯಾನೇಜರಿಕೆಗೆ ನಾಚಿಕೆಯಾಯಿತು. ಮುಕ್ಕಾಲು ಗಂಟೆಯಲ್ಲಿ ಮೊಮ್ಮಗ ತನ್ನ ಬಟ್ಟೆ, ಚಾದರ, ನನ್ನ ಪಂಚೆ ಮೂರನ್ನೂ ಧಾರಾಳವಾಗಿ ನೆನೆಸಿದ. ನಾನು ಮೂರು ಚೀಟಿ ಬರೆದೆ.

ಸದ್ದಿಗೆ ಎದ್ದು ಬಂದ ಹೆಂಡತಿ ಖಾಲಿ ಜಗ್ಗನ್ನೂ ನನ್ನನ್ನೂ ನೋಡಿದಳು. ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ. ಅವಳು ಬೈಯಲಿಲ್ಲ. ಜಗ್ಗು ತುಂಬಿಸಿ ತಂದು ಮಗಳ ತಲೆದಿಂಬಿನ ಪಕ್ಕ ಇಟ್ಟಳು.

“ನನ್ನ ಬಾಣಂತನದಲ್ಲೂ ಅಮ್ಮ ಕೊಟ್ಟದ್ದು ಎರಡೇ ಲೋಟ. ಆಗ ನೀವು ಎಲ್ಲಿದ್ದಿರಿ ಮಾರಾಯ್ರೆ?” ಎಂದಳು.

ಆಗ ನಾನು ನೌಪಾಡಾದಲ್ಲಿ ಮೇಜು ಮೇಜಿಗೂ ನೀರಿಡಿಸುತ್ತಿದ್ದೆ.