ಬಿಸಿಬೇಳೆಬಾತಿಗೆ ಬಿದ್ದ ಪ್ರಾಜೆಕ್ಟು

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವಾಗ ನನ್ನ ಪ್ರಾಜೆಕ್ಟು ಮರದ ತೊಗಟೆ ಮೇಲೆ ಬೆಳೆಯುವ ಕಲ್ಲುಹೂವು. ಆರ್‌ಪಿಸಿ ಲೇಔಟಿನ ಪಾರ್ಕಿನಲ್ಲಿ ಒಂದು ಮರದ ತುಂಬ ಅದು ಹಬ್ಬಿತ್ತು. ಬೆಳಿಗ್ಗೆ ಭೂತಗನ್ನಡಿ ಹಿಡಿದು ಮರಕ್ಕೆ ಮೂಗು ತಾಗಿಸಿ ನಿಲ್ಲುತ್ತಿದ್ದೆ.

ವಾಕಿಂಗ್ ಬಂದ ಆಂಟಿಯೊಬ್ಬರು ಕೇಳಿಯೇಬಿಟ್ಟರು. “ಏನಮ್ಮ ಅದು?”

“ಕಲ್ಲುಹೂವು ಆಂಟಿ.”

“ಮಸಾಲೆಗೆ ಹಾಕ್ತೀವಲ್ಲ, ಅದಾ?”

“ಅದರ ನೆಂಟರು,” ಅಂದೆ, ಜಾಣತನ ತೋರಿಸಲು.

ಮುಂದಿನ ವಾರ ಹೋದರೆ ಮರ ನುಣ್ಣಗಾಗಿತ್ತು. ಆಂಟಿ ಡಬ್ಬಿ ಹಿಡಿದು ಕಾಯುತ್ತಿದ್ದರು. “ಎಲ್ಲಾ ಕೆರೆದು ಬಿಸಿಬೇಳೆಬಾತ್‌ಗೆ ಹಾಕ್ದೆ ಕಣಮ್ಮ. ತಗೋ, ನಿಂಗೂ ತಂದಿದೀನಿ.”

ಅಳುವೇ ಬಂತು. ಸೀದಾ ಗೈಡ್ ಹತ್ತಿರ ಹೋಗಿ ಡಬ್ಬಿ ಇಟ್ಟೆ. “ಸಾರ್, ನನ್ನ ಸ್ಯಾಂಪಲ್ ಪೂರ್ತಿ ಇದರಲ್ಲೇ ಇದೆ.”

ಅವರು ಕಥೆ ಕೇಳಿ, ಮುಚ್ಚಳ ತೆಗೆದು, ಮೂಸಿ ನೋಡಿದರು. “ಬೇರೆ ಮರ ಹುಡುಕಮ್ಮ. ಯಾರಾದ್ರೂ ಕೇಳಿದ್ರೆ ಮರಕ್ಕೆ ಕಜ್ಜಿ ಅನ್ನು.”

ಹೊಸಹಳ್ಳಿಯಲ್ಲಿ ಇನ್ನೊಂದು ಮರ ಸಿಕ್ಕಿತು. ವಿಚಾರಿಸಿದ ಅಂಕಲ್ ಒಬ್ಬರಿಗೆ ಕಜ್ಜಿ ಅಂತಲೇ ಹೇಳಿದೆ. ಮಾರನೇ ದಿನ ಅವರು ಪಾಪ ಅಂತ ಮರಕ್ಕೆ ಹಚ್ಚಲು ಒಂದು ಬಾಟಲಿ ಬೇವಿನೆಣ್ಣೆ ತಂದರು.

ನಾನಿವತ್ತು ಲೆಕ್ಚರರ್ ಆಗಿದ್ದರೆ, ಅದು ಆ ಬಾಟಲಿಯನ್ನು ಸಮಯಕ್ಕೆ ಸರಿಯಾಗಿ ಕಿತ್ತುಕೊಂಡದ್ದರಿಂದ.