ಇರುವೆ ಸತ್ತ ಹಾಲು

ಮಗಳು ಹುಟ್ಟಿದ ಮರುದಿನ ಅತ್ತೆ ನನ್ನ ಎದೆಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಂಡಿದ್ದನ್ನು ನನ್ನ ಮೈ ಇನ್ನೂ ಮರೆತಿಲ್ಲ. ಎಪ್ಪತ್ತರ ದಶಕದ ಮಧ್ಯಭಾಗ, ರಾಜಾಜಿನಗರದ ಒಂದು ಹೆರಿಗೆ ಆಸ್ಪತ್ರೆ. ನನಗೆ ಇಪ್ಪತ್ತು ವರ್ಷ. ಕೆಂಗೇರಿಯ ತವರಿನಲ್ಲಿ ತಾಯಿ ಬದುಕಿದ್ದರೆ ಚೊಚ್ಚಲ ಬಾಣಂತನ ಅಲ್ಲೇ ಆಗುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗಲೇ ಆಕೆ ತೀರಿಕೊಂಡಿದ್ದಳು. ಹಾಗಾಗಿ ನಾನು, ನನ್ನ ಮಗು ಇಬ್ಬರೂ ಅತ್ತೆಯ ಕೈಗೆ ಬಿದ್ದೆವು.

ಗಟ್ಟಿ ಕೈ ಅದು. ರಾಗಿ ಬೀಸಿ, ಬಾವಿ ಸೇದಿ ಬೆಳೆದವರು. ನನ್ನ ಎದೆಯಿಂದ ಹಳದಿ ಬಣ್ಣದ, ಅಂಟಂಟಾದ ಹಾಲು ಬಂದಾಗ ಅವರು ಮುಖ ಕಿವುಚಿದರು.

"ನೋಡೇ, ಕೀವು. ಒಂಬತ್ತು ತಿಂಗಳು ಒಳಗೇ ಕೊಳೆತಿರೋದು. ಇದನ್ನ ಕುಡಿದ್ರೆ ಮಗು ಉಳಿಯುತ್ತಾ?"

ನಾನು ಕಿರುಚಿದೆ. ಒಂದು ಕೈಯಲ್ಲಿ ನನ್ನ ಬಾಯಿ ಮುಚ್ಚಿ ಇನ್ನೊಂದು ಕೈಯಲ್ಲಿ ಹಿಂಡುತ್ತಲೇ ಇದ್ದರು. ಎಲ್ಲವೂ ಒಂದು ಹಳೇ ಬಟ್ಟೆಗೆ ಇಳಿಯಿತು. ಆಚೀಚೆ ಮಂಚದ ಬಾಣಂತಿಯರು ನೋಡುತ್ತಿದ್ದರು. ಯಾರಿಗೂ ಅದು ತಪ್ಪೆನಿಸಲಿಲ್ಲ, ಅವರ ಮನೆಗಳಲ್ಲೂ ಅದೇ ನಡೆಯುತ್ತಿತ್ತು. ನನ್ನ ಕೂಗಿಗೆ ಓಡಿ ಬಂದವಳು ವಾರ್ಡಿನ ನರ್ಸ್ ಒಬ್ಬಳೇ.

"ಏನಮ್ಮಾ ಮಾಡ್ತಾ ಇದೀರಾ? ಮಗುಗೆ ಬೇಕಾಗಿರೋದೇ ಅದು ಕಣ್ರೀ!"

"ಮದುವೇನೇ ಆಗದೋಳು ನೀನು. ನಂಗೆ ಹೇಳ್ಕೊಡಕ್ಕೆ ಬರ್ತೀಯಾ?" ಎಂದು ಅತ್ತೆ ಅವಳ ಕೈ ತಳ್ಳಿದರು.

ಆ ನರ್ಸಿಗೆ ನಲವತ್ತು ದಾಟಿತ್ತು. ಅವಳು ಹಿಂದೆ ಸರಿದಳು. ಅತ್ತೆ ಬಟ್ಟೆ ಒಗೆಯಲು ಹೋದಾಗ ನನ್ನ ಹತ್ತಿರ ಬಂದು, "ವಿಜಯನಗರದಲ್ಲಿ ನೀರಿನ ಟ್ಯಾಂಕ್ ಹಿಂದೆ ಹೆಂಚಿನ ಮನೆ ನಂದು. ಏನಾದ್ರೂ ಆದ್ರೆ ಬಂದ್ಬಿಡು," ಎಂದಳು. ಏನಾಗಬಹುದು ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಮೂರು ದಿನ ಮಗುವಿಗೆ ಸಕ್ಕರೆ ನೀರು, ಒಂದು ಬೆರಳು ಹರಳೆಣ್ಣೆ. ನಾಲ್ಕನೆಯ ದಿನ ಮನೆಗೆ ಬಂದ ಮೇಲೆ ನನ್ನ ಎದೆ ತುಂಬಿ ಕಲ್ಲಾಯಿತು. ಮಗುವನ್ನು ಕೊಡಿ ಎಂದೆ. ಇನ್ನೂ ಕೆಟ್ಟ ಹಾಲು ಪೂರ್ತಿ ಹೋಗಿಲ್ಲ ಎಂದರು. ಆಗ ನಾನು ಮೊದಲ ಸಲ ಎದುರು ಮಾತಾಡಿದೆ. ನನ್ನ ಮಗು, ನನ್ನ ಹಾಲು, ನೀವ್ಯಾರು ಬೇಡ ಅನ್ನೋಕೆ ಎಂದು ಕೂಗಿದೆ. ಅವರು ನನ್ನ ಕೆನ್ನೆಗೆ ಬಾರಿಸಿ ಸುಮ್ಮನಾಗಬಹುದಿತ್ತು. ಹಾಗಾಗಲಿಲ್ಲ. ಅವರ ಮುಖ ಬಿಳಿಚಿಕೊಂಡಿತು.

"ಸಿಟ್ಟು ಮಾಡ್ಕೊಂಡ್ಯಾ? ಸಿಟ್ಟು ಬಂದೋಳ ಹಾಲು ವಿಷ ಆಗುತ್ತೆ."

ಒಳಗೆ ಹೋಗಿ ಹಿತ್ತಾಳೆಯ ಮುಚ್ಚಳ ತಂದರು. ನನ್ನ ಎದೆ ಹಿಂಡಿ ಅದರಲ್ಲಿ ಹಾಲು ಇಳಿಸಿಕೊಂಡರು. ಗೋಡೆಯ ಮೇಲಿದ್ದ ಕಪ್ಪಿರುವೆಯೊಂದನ್ನು ಹಿಡಿದು ಹಾಲಿಗೆ ಹಾಕಿದರು. ಇರುವೆ ಕಾಲು ಬಡಿಯಿತು, ಸುತ್ತಿತು, ನಿಂತುಹೋಯಿತು. ಸಂಜೆ ಗಂಡ ಕಾರ್ಖಾನೆಯಿಂದ ಬಂದಾಗ ಆ ಮುಚ್ಚಳವನ್ನು ಅವನ ಮುಂದೆ ಹಿಡಿದರು. ಗಂಡನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಆ ದಿನಗಳ ಬಗ್ಗೆ ಬೇರೆ ಥರ ಬರೆಯಲು ನನಗೆ ಬರುವುದಿಲ್ಲ. ಅವನು ಸತ್ತ ಇರುವೆಯನ್ನು ನೋಡಿದ, ನನ್ನನ್ನು ನೋಡಿದ.

"ಅಮ್ಮ ಹೇಳಿದ ಹಾಗೆ ಮಾಡು," ಎಂದ.

ಹಾಲು ಬತ್ತಿಸಲು ಮಲ್ಲಿಗೆ ಮೊಗ್ಗನ್ನು ಅರೆಬರೆ ಜಜ್ಜಿ ಎದೆಗೆ ಹಚ್ಚಿ, ಹಳೇ ಸೀರೆ ಹರಿದು ಬಿಗಿದರು. ಬಿಗಿಯುವಾಗ ನನ್ನ ಬೆನ್ನಿಗೆ ಮೊಣಕಾಲು ಊರಿ ಎಳೆದರು, ಉಸಿರು ನಿಂತಂತಾಯಿತು. ಪಕ್ಕದ ಕೋಣೆಯಲ್ಲಿ ಮಗು ಅತ್ತಾಗಲೆಲ್ಲ ಆ ಕಟ್ಟಿನೊಳಗೆ ಹಾಲು ತಾನಾಗಿ ಒಸರಿ ಬಟ್ಟೆ ತೋಯುತ್ತಿತ್ತು. ಒಂದು ಪಾಲು ಹಸುವಿನ ಹಾಲಿಗೆ ಎರಡು ಪಾಲು ನೀರು ಬೆರೆಸಿ, ಹಾಲು ಕುಡಿಸುವ ಒಳಲೆಯ ಮೂತಿಯನ್ನು ಮಗುವಿನ ಬಾಯಿಗೆ ತುರುಕಿ, ನುಂಗಲೆಂದು ಅದರ ಮೂಗು ಹಿಡಿಯುತ್ತಿದ್ದರು. ಮಗು ಕೆಮ್ಮಿ ನೀಲಿಗಟ್ಟುತ್ತಿತ್ತು. ಐದು ದಿನದಲ್ಲಿ ಅದಕ್ಕೆ ಭೇದಿ ಹಿಡಿಯಿತು, ಕಣ್ಣು ಒಳಗೆ ಹೋಯಿತು. ನನ್ನ ಬಲ ಎದೆ ಕೆಂಪಾಗಿ ಬಾತು, ಜ್ವರದಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ಗೋಡೆ ಹಿಡಿದು ಹಿತ್ತಲಿಗೆ ಬಂದೆ. ಅತ್ತೆ ಇದ್ದಿಲ ಒಲೆಯ ಮುಂದೆ ಕೂತಿದ್ದರು. ತೊಡೆಯ ಮೇಲೆ ಮಗು, ಬತ್ತಲೆ. ಮೂಟೆ ಹೊಲಿಯುವ ದಬ್ಬಳ ಕೆಂಡದಲ್ಲಿ ಕೆಂಪಾಗಿತ್ತು.

"ಏನ್ಮಾಡ್ತಾ ಇದೀರಾ?"

"ಹೊಟ್ಟೆ ಮೇಲೆ ಬರೆ ಎಳೀಬೇಕು. ಇಲ್ದಿದ್ರೆ ಇವತ್ತೇ ಹೋಗುತ್ತೆ ಇದು."

ಬಟ್ಟೆ ಸುತ್ತಿ ಹಿಡಿದು ದಬ್ಬಳ ಎತ್ತಿದರು. ಮುಂದಿನದು ಯೋಚಿಸಿ ಮಾಡಿದ್ದಲ್ಲ. ಕಾದ ದಬ್ಬಳವನ್ನು ಬರಿಗೈಯಲ್ಲಿ ಹಿಡಿದೆ. ಚರ್ಮ ಚುರ್ರೆಂದಿತು. ಬಿಡಲಿಲ್ಲ. ಅವರು ಎಳೆದರು, ನಾನು ಎಳೆದೆ. ಅವರ ಮುಂಗೈಗೆ ಹಲ್ಲು ಊರಿದೆ, ಬಾಯಿಗೆ ರಕ್ತದ ಉಪ್ಪು ಬಂತು. ದಬ್ಬಳ ನೆಲಕ್ಕೆ ಬಿತ್ತು. ಮಗುವನ್ನು ಕಿತ್ತುಕೊಂಡು, ಎದ್ದು ನನ್ನ ಮೇಲೆ ಬಂದವರನ್ನು ಕಾಲಿನಿಂದ ಒದ್ದೆ. ಒಗೆಯುವ ಕಲ್ಲಿನ ಮೇಲೆ ಬಲಗೈ ಅಡಿಯಾಗಿ ಬಿದ್ದರು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ನಿಜ ಹೇಳಬೇಕೆಂದರೆ ಆ ಸದ್ದು ನನಗೆ ಹಿತವಾಗಿತ್ತು.

ಮೊದಲ ಪಾಳಿ ಮುಗಿಸಿ ಗಂಡ ಬಂದದ್ದು ಅದೇ ಹೊತ್ತಿಗೆ. ತಾಯಿ ನೆಲದ ಮೇಲೆ ಕೈ ಹಿಡಿದು ನರಳುತ್ತಿದ್ದರು. ಅವನು ಏನನ್ನೂ ಕೇಳಲಿಲ್ಲ. ನನ್ನ ಜಡೆ ಕೈಗೆ ಸುತ್ತಿಕೊಂಡು ಹಿತ್ತಲಿನಿಂದ ಮುಂಬಾಗಿಲವರೆಗೆ ಎಳೆದ. ಬೆನ್ನಿಗೆ, ಕುತ್ತಿಗೆಗೆ ಹೊಡೆದ. ಮಗುವಿಗೆ ಬೀಳದಂತೆ ಬಾಗಿ ಬಾಗಿ ಎಲ್ಲವನ್ನೂ ಬೆನ್ನಿಗೇ ತೆಗೆದುಕೊಂಡೆ. ಅವನು ತಾಯಿಯನ್ನು ಎತ್ತಲು ಹಿತ್ತಲಿಗೆ ಹೋದಾಗ ಎದ್ದು ಹೊರಗೆ ನಡೆದೆ.

ಬಾಣಂತಿ ತಲೆಗೆ ಬಟ್ಟೆ ಇಲ್ಲದೆ, ಬರಿಗಾಲಿನಲ್ಲಿ, ಹಾಡುಹಗಲು. ಮಾಗಡಿ ರಸ್ತೆಗೆ ಬರುವಾಗ ಡಾಂಬರು ಕಾದಿತ್ತು. ಬಾಗಿಲಲ್ಲಿ ನಿಂತ ಹೆಂಗಸರು ನೋಡಿ ಒಳಗೆ ಹೋದರು. ರಸ್ತೆ ದಾಟಿದ ಮೇಲೆ ಅರ್ಧ ಕಟ್ಟಿದ ಮನೆಗಳು, ನಡುನಡುವೆ ರಾಗಿ ಹೊಲ. ಎಲ್ಲಿ ಕೂತರೂ ಮತ್ತೆ ಏಳುವುದಿಲ್ಲ ಎಂದು ಗೊತ್ತಿತ್ತು. ನೀರಿನ ಟ್ಯಾಂಕನ್ನೇ ನೋಡುತ್ತಾ ನಡೆದೆ.

ನರ್ಸ್ ಬಾಗಿಲು ತೆರೆದು, ಒಂದೂ ಪ್ರಶ್ನೆ ಕೇಳದೆ, ಕತ್ತರಿ ತಂದು ಎದೆಯ ಕಟ್ಟನ್ನು ಕತ್ತರಿಸಿದಳು. ಕೊಳೆತ ಹೂವು ಮುದ್ದೆಯಾಗಿ ಉದುರಿತು. ಅವಳು ನನಗೂ, ಗಂಡನಿಗೂ, ಅತ್ತೆಗೂ ಸೇರಿಸಿ ಕೆಟ್ಟ ಬೈಗುಳ ಬೈದಳು. ಆಮೇಲೆ ಮಗುವನ್ನು ನನ್ನ ಎಡ ಎದೆಗೆ ಒತ್ತಿ ಹಿಡಿದಳು.

"ಬೇಡ ಸಿಸ್ಟರ್, ವಿಷ ಅದು. ಇರುವೆ ಸತ್ತೋಯ್ತು. ಜ್ವರಾನೂ ಇದೆ ನಂಗೆ."

"ಇರುವೆಗೆ ಈಜು ಬರಲ್ಲ ಕಣೇ! ಕಾಫೀಲಿ ಹಾಕಿದ್ರೂ ಸಾಯುತ್ತೆ, ನೀರಲ್ಲಿ ಹಾಕಿದ್ರೂ ಸಾಯುತ್ತೆ. ಜ್ವರ ನಿಂಗೆ, ಹಾಲಿಗಲ್ಲ. ಮಗು ಬಾಯಿ ಅಗಲವಾಗಿ ತೆರೆಯೋವರೆಗೂ ಕಾಯಿ. ಈಗ, ಈಗ ಹತ್ರ ತಗೋ!"

ಮಗು ಕಚ್ಚಿತು. ಗಾಜಿನ ಚೂರು ಎಳೆದಂತಾಯಿತು. ನಾನು ಅವಳ ಭುಜ ಕಚ್ಚಿದೆ. ಅವಳು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಮಗುವಿನ ಗಂಟಲಿನಿಂದ ಗುಟುಕು ಗುಟುಕು ನುಂಗುವ ಸದ್ದು ಕೇಳಿತು. ಒಂಬತ್ತು ದಿನದಲ್ಲಿ ಮೊದಲ ಸಲ ನನಗೆ ಅಳು ಬಂತು.

ಮರುದಿನ ಆಸ್ಪತ್ರೆಯಲ್ಲಿ ಬಲ ಎದೆಯ ಬಾವು ಕೊಯ್ದು ಕೀವು ತೆಗೆದರು. ಇಬ್ಬರು ಆಯಾಗಳು ನನ್ನನ್ನು ಅದುಮಿ ಹಿಡಿದಿದ್ದರು. ಕೀವು ಎಂದರೆ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಅತ್ತೆ ಹಿಂಡಿ ಚೆಲ್ಲಿದ್ದು ಅದಾಗಿರಲಿಲ್ಲ. ಮಗುವಿನ ಭೇದಿ ನಾಲ್ಕು ದಿನದಲ್ಲಿ ಕಟ್ಟಿತು.

ನಾನು ಮನೆ ಬಿಟ್ಟ ಆರನೆಯ ದಿನ ಗಂಡ ಆಸ್ಪತ್ರೆಯಲ್ಲಿ ವಿಳಾಸ ಕೇಳಿಕೊಂಡು ನರ್ಸ್ ಮನೆಗೆ ಬಂದ. ತಾಯಿಯ ಕೈಗೆ ಪ್ಲಾಸ್ಟರ್ ಹಾಕಿದ್ದಾರೆ, ಸ್ನಾನ ಮಾಡಿಸುವವರಿಲ್ಲ ಎಂದ. ನರ್ಸ್ ಬಾಗಿಲಲ್ಲಿ ನಿಂತು, "ಇನ್ನೊಂದ್ಸಲ ಇವಳ ಮೈ ಮೇಲೆ ಗಾಯ ಕಂಡ್ರೆ ಪೊಲೀಸರನ್ನ ಕರ್ಕೊಂಡೇ ಬರ್ತೀನಿ ಸಾರ್," ಎಂದಳು. ಅವನು ತಲೆ ತಗ್ಗಿಸಿದ. ಕ್ಷಮೆ ಕೇಳಲಿಲ್ಲ. ಮುಂದೆ ಯಾವತ್ತೂ ಕೇಳಲಿಲ್ಲ. ಆಮೇಲೂ ಎರಡು ಸಲ ನನ್ನ ಮೇಲೆ ಕೈ ಎತ್ತಿದ. ಎರಡನೆಯ ಸಲ ನಾನೂ ತಿರುಗಿಸಿ ಹೊಡೆದೆ, ಅಲ್ಲಿಗೆ ನಿಂತಿತು. ತವರಿನಲ್ಲಿ ನನ್ನನ್ನು ಇಟ್ಟುಕೊಳ್ಳುವವರಿರಲಿಲ್ಲ. ಮಗುವನ್ನು ಯಾರೂ ಮುಟ್ಟಬಾರದು ಎಂದು ಹೇಳಿ ಅವನ ಜೊತೆ ಹೋದೆ.

ಅತ್ತೆ ನನ್ನನ್ನು ನೋಡಿ ಗೋಡೆಗೆ ತಿರುಗಿದರು. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕೂರಿಸಿ ಅವರ ಸೀರೆ ಬಿಚ್ಚಿದೆ. ಮುರಿದ ಕೈಯನ್ನು ಬೇಕೆಂದೇ ಸ್ವಲ್ಪ ಒರಟಾಗಿ ಎತ್ತಿದೆ. ಆಗ ಕಂಡಿತು. ಎರಡೂ ಎದೆಯ ಮೇಲೆ ಅಡ್ಡಡ್ಡ ಬರೆಗಳು. ಹಳೆಯವು, ಸುಕ್ಕುಗಟ್ಟಿ ಎಳೆದುಕೊಂಡ ಚರ್ಮ. ಒಂದು ಕಡೆ ತೊಟ್ಟೇ ಇರಲಿಲ್ಲ.

ಚೊಂಬು ನನ್ನ ಕೈಯಲ್ಲೇ ನಿಂತಿತು.

"ನಮ್ಮತ್ತೆ ಹಾಕಿದ್ದು," ಎಂದರು. "ಎರಡು ಮಕ್ಕಳು ತಿಂಗಳು ತುಂಬೋಕೆ ಮುಂಚೆ ಹೋದ್ವು. ಎರಡನೇದು ಹೋದಾಗ ಇರುವೆ ಹಾಕಿ ನೋಡಿದ್ರು. ನನ್ನ ಹಾಲೇ ಕೊಂದಿದ್ದು ಅಂತ ತಿಳೀತು. ಮತ್ತೆ ಹಾಲು ಬರಬಾರದು ಅಂತ ಸುಟ್ರು. ಆಮೇಲೆ ಹುಟ್ಟಿದ ನಿನ್ನ ಗಂಡ ಪಕ್ಕದ ಮನೆಯವಳ ಹಾಲು ಕುಡಿದು ಬದುಕ್ದ."

ನನಗೆ ಕನಿಕರ ಬರಲಿಲ್ಲ, ಸಿಟ್ಟೇ ಬಂತು. ನರ್ಸ್ ಹೇಳಿದ್ದನ್ನು ಅವರ ಮುಖಕ್ಕೆ ಎಸೆದೆ. "ಯಾವ ಇರುವೆನಾದ್ರೂ ಸಾಯುತ್ತೆ. ಬರೀ ನೀರಲ್ಲಿ ಹಾಕಿದ್ರೂ ಸಾಯುತ್ತೆ. ಬೇಕಾದ್ರೆ ಹಾಕಿ ನೋಡಿ."

ಅವರು ಹಾಕಿ ನೋಡಿದರು. ಒದ್ದೆ ಕೂದಲಿನಲ್ಲೇ ಅಡುಗೆಮನೆಗೆ ಹೋಗಿ, ಒಂದು ಲೋಟ ನೀರಿಟ್ಟುಕೊಂಡು, ಎಡಗೈಯಲ್ಲಿ ಗೋಡೆಯ ಇರುವೆಗಳನ್ನು ಹಿಡಿದು ಹಾಕತೊಡಗಿದರು. ಒಂದು ಸತ್ತಿತು. ಇನ್ನೊಂದು. ಹಸುವಿನ ಹಾಲಿಗೆ ಹಾಕಿದರು, ಸತ್ತಿತು. ಸಾಲಿನಲ್ಲಿದ್ದ ಇರುವೆಗಳನ್ನೆಲ್ಲ ಅಂಗೈಯಿಂದ ಬಾಚಿ ಬಾಚಿ ನೀರಿಗೆ ಹಾಕಿದರು. ಲೋಟದ ಮೇಲ್ಭಾಗ ಕಪ್ಪಾಯಿತು. ಆಮೇಲೆ ಗೋಡೆಗೆ ಹಣೆ ಬಡಿದುಕೊಂಡರು, ಒಂದು, ಎರಡು, ಮೂರು ಸಲ. ಸುಣ್ಣಕ್ಕೆ ರಕ್ತ ಹತ್ತಿತು. ನಾನು ಓಡಿ ಹೋಗಿ ಸೊಂಟ ಹಿಡಿದು ಹಿಂದಕ್ಕೆ ಎಳೆದೆ. ಪ್ಲಾಸ್ಟರ್ ಹಾಕಿದ ಕೈಯಿಂದಲೇ ನನ್ನನ್ನು ಗುದ್ದಿದರು. ಇಬ್ಬರೂ ಕೆಳಗೆ ಬಿದ್ದೆವು.

"ಹಂಗಾದ್ರೆ ನನ್ನ ಮಕ್ಕಳು ಯಾಕೆ ಸತ್ವೇ?" ಎಂದು ನನ್ನ ರವಿಕೆ ಹಿಡಿದು ಅಲುಗಾಡಿಸಿದರು. "ಹೇಳೇ, ಯಾಕೆ ಸತ್ವು?"

ಅವುಗಳಿಗೂ ಮೊದಲ ಹಾಲು ಸಿಕ್ಕಿರಲಿಲ್ಲ, ಮೂಗು ಹಿಡಿದು ನೀರು ಹಾಲು ಕುಡಿಸಿದ್ದರು ಎಂಬುದನ್ನು ನಾನು ಊಹಿಸಬಲ್ಲವಳಾಗಿದ್ದೆ. ಹೇಳಲಿಲ್ಲ. ಅಷ್ಟು ಹೊತ್ತಿನಲ್ಲಿ ನಾನು ತೋರಿದ ದಯೆ ಅದೊಂದೇ.

ಅವರ ಹಣೆ ಒರೆಸಿ ಅರಿಶಿನ ಒತ್ತಿದೆ. ಅವತ್ತು ಇಬ್ಬರೂ ಊಟ ಮಾಡಲಿಲ್ಲ.

ನಾಲ್ಕೈದು ದಿನ ಅವರು ಮಗು ಇದ್ದ ಕೋಣೆಗೆ ಕಾಲಿಡಲಿಲ್ಲ. ಒಂದು ಮಧ್ಯಾಹ್ನ ನಾನು ಬಾಗಿಲಿಗೆ ಬೆನ್ನು ಮಾಡಿ ಹಾಲು ಕೊಡುತ್ತಿದ್ದೆ. ಹಿಂದೆ ಯಾರೋ ಕೂತಂತಾಯಿತು. ತಿರುಗಿ ನೋಡಿದರೆ ಅತ್ತೆ, ಹೊಸ್ತಿಲ ಆಚೆಗೇ, ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು. ನಾನು ಮಗುವನ್ನು ಬಿಗಿಯಾಗಿ ಹಿಡಿದುಕೊಂಡೆ. ಅವರು ಹತ್ತಿರ ಬರಲಿಲ್ಲ. ಮಗುವಿನ ಗಲ್ಲ ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಿದ್ದರು.

"ಹೆಂಗಿರುತ್ತೆ ಅದು?" ಎಂದು ಕೇಳಿದರು. "ಮಗು ಹೊಟ್ಟೆ ತುಂಬ ಕುಡಿಯೋವಾಗ?"

ಮೊದಲು ನೋಯುತ್ತೆ, ಆಮೇಲೆ ನಿದ್ದೆ ಬರುತ್ತೆ ಎಂದೆ.

ಅವರು ತಲೆಯಾಡಿಸಿದರು. ಮಗು ಕುಡಿದು ಮುಗಿಸುವವರೆಗೂ ಅಲ್ಲೇ ಕೂತಿದ್ದು, ಎದ್ದು ಹೋಗಿ ನನಗೊಂದು ಲೋಟ ನೀರು ತಂದು ಹೊಸ್ತಿಲ ಮೇಲಿಟ್ಟರು.