ನೆಟ್ಟಗೆ ನಿಂತ ತಪ್ಪಿಗೆ

ಮಳವಳ್ಳಿಯಿಂದ ಮಂಡ್ಯಕ್ಕೆ ಹೋಗಿ ಬಂದದ್ದನ್ನು ಪ್ರವಾಸ ಎಂದು ಬರೆದರೆ, ಕಾಶಿಗೆ ಹೋಗಿ ಬಂದವರು ನಗಬಹುದು. ನಗಲಿ. ನನ್ನ ಸೊಂಟ ಹೊತ್ತುಕೊಂಡು ಅವರು ಒಂದು ಸಲ ಮದ್ದೂರಿನವರೆಗೆ ಹೋಗಿ ಬರಲಿ, ಆಮೇಲೆ ಮಾತಾಡೋಣ.

ಒಂಬತ್ತು ವರ್ಷದ ಹಿಂದೆ, ಮಳೆ ಹಿಡಿಯುವ ಮುಂಚೆ ನಾನು ಪಾಠ ಹೇಳುವ ಶಾಲೆಯ ಹೆಂಚು ಸರಿಮಾಡಿಸಿಕೊಡಿ ಎಂದು ಮೇಲಿನವರಿಗೆ ಮೂರು ಅರ್ಜಿ ಬರೆದೆ. ಯಾರೂ ತಿರುಗಿ ನೋಡಲಿಲ್ಲ. ನಾನೇ ಏಣಿ ಹತ್ತಿದೆ, ಬಿದ್ದೆ. ಮೂಳೆ ಮುರಿಯಲಿಲ್ಲ, ಗಾಯವೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ತೋರಿಸಲಾದರೂ ಏನಾದರೂ ಇರುತ್ತಿತ್ತು. ಅಂದು ಸೊಂಟದ ಎಡಗಡೆ ಹಿಡಿದ ನೋವು ಇಂದಿಗೂ ಬಿಟ್ಟಿಲ್ಲ. ಕಾಲು ಗಂಟೆ ನಿಂತರೆ ತೊಡೆಯಿಂದ ಹಿಮ್ಮಡಿಯವರೆಗೆ ಬೆಂಕಿ ಇಟ್ಟ ಹಾಗಾಗುತ್ತದೆ. ಈ ವರ್ಷ ಶಾಲಾ ಇನ್‌ಸ್ಪೆಕ್ಟರು ಬಂದಾಗ, ನಾನು ಕೂತೇ ಪಾಠ ಹೇಳುತ್ತೇನೆಂದು ಯಾರಿಂದಲೋ ಕೇಳಿ, ನಿಂತು ಪಾಠ ಹೇಳಲಾಗದವರು ಕೆಲಸ ಬಿಡಬೇಕು ಎಂದು ಹೇಳಿ ಹೋದರು. ಸುಮ್ಮನೆ ಬಿಟ್ಟರೆ ಬರಿಗೈ. ಇವರು ನಿಲ್ಲಲಾರರು ಎಂದು ಮಂಡ್ಯದ ಸರ್ಕಾರಿ ಡಾಕ್ಟರು ಬರೆದುಕೊಟ್ಟರೆ ಮಾತ್ರ ಅಶಕ್ತರಿಗೆಂದು ಇರುವ ಪಿಂಚಣಿ. ಆ ಒಂದು ಕಾಗದಕ್ಕಾಗಿ ಹೊರಟೆ. ನನ್ನ ಹೆಂಡತಿ ಸಾಕಮ್ಮ, ಒಬ್ಬರನ್ನೇ ಕಳಿಸುವುದಿಲ್ಲ ಎಂದು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಜೊತೆಗೆ ಬಂದಳು.

ಇದು ಯುದ್ಧದ ಕಾಲ. ಪೆಟ್ರೋಲು ಕಣ್ಣಿಗೆ ಕಾಣುವುದಿಲ್ಲ. ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ, ಅದರ ಹೊಗೆಯ ಬಲದಲ್ಲೇ ಓಡಿಸುತ್ತಾರೆ. ಆರು ಗಂಟೆಯ ಬಸ್ಸು ಒಲೆ ಕಾದು ಹೊರಡುವಾಗ ಏಳು ದಾಟಿತ್ತು. ಮದ್ದೂರಿಗೆ ಹದಿನಾರು ಮೈಲಿ, ತಲೆಗೆ ಆರಾಣೆ. ಡ್ರೈವರ್ ಬುಡನ್ ಸಾಬರು ನಾನು ಮೆಟ್ಟಿಲು ಹತ್ತುವುದನ್ನೇ ನೋಡುತ್ತಿದ್ದರು. ನಾನು ಬಾಯಿ ಬಿಡುವ ಮುಂಚೆಯೇ, "ಎಡಗಡೆ ಸೊಂಟ ಅಲ್ವಾ ಮೇಷ್ಟ್ರೇ? ಹಿಂದೆ ಕೂತ್ರೆ ಸತ್ತೋಯ್ತೀರಿ, ಮುಂದಕ್ಕೆ ಬನ್ನಿ" ಎಂದರು. ತಮ್ಮ ಪಕ್ಕದ ಸೀಟಿಗೆ ಖಾಲಿ ಗೋಣಿಚೀಲ ಮಡಿಸಿ ಹಾಕಿದರು.

ಕಾಳಮುದ್ದನದೊಡ್ಡಿಯವರೆಗೆ ರಸ್ತೆಯ ಒಂದೊಂದು ಗುಂಡಿಯನ್ನೂ ಅವರು ಬಳಸಿಕೊಂಡು ಹೋದರು. ತಪ್ಪಿಸಲಾಗದ ಗುಂಡಿ ಬಂದಾಗ, ಹಿಡ್ಕಳಿ ಎಂದು ಮುಂಚೆಯೇ ಹೇಳುತ್ತಿದ್ದರು. ಹಿಂದಿನವರು ಬಸ್ಸು ಬಸವನ ಹುಳುವಾಯಿತೆಂದು ಗೊಣಗಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಓದು ಬರಹ ಬಾರದ ಮನುಷ್ಯನಿಗೆ ಅರೆ ನಿಮಿಷದಲ್ಲಿ ಕಂಡ ನೋವು ಅದು. ಮುಂದೆ ಆದದ್ದನ್ನು ನೆನೆದಾಗಲೆಲ್ಲ ನನಗೆ ಅವರೇ ನೆನಪಾಗುತ್ತಾರೆ.

ಮದ್ದೂರಿನಲ್ಲಿ ರೈಲು ಒಂದು ಗಂಟೆ ತಡ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಮಲಗಿಯೇ ಕಾದೆ. ಮಂಡ್ಯ ಅಲ್ಲಿಂದ ಹನ್ನೆರಡು ಮೈಲಿ. ಇಳಿದಾಗ ಬಿಸಿಲು ಏರಿತ್ತು, ಗಾಳಿಯಲ್ಲಿ ಬೆಲ್ಲ ಕಾಯಿಸುವ ವಾಸನೆ. ಯಾವ ಕಚೇರಿಗೆ ಹೋದೆ ಎಂದು ಬರೆಯುವುದಿಲ್ಲ, ಅಲ್ಲಿಗೆ ಇನ್ನೊಮ್ಮೆ ಹೋಗಬೇಕಾದವನು ನಾನು. ಬಾಗಿಲಾಚೆ ನಿಂತು ಸಾಕಮ್ಮ ನನ್ನ ರುಮಾಲು ಸರಿಮಾಡಿದಳು, ಕ್ಲೋಸ್ ಕೋಟಿನ ಗುಂಡಿ ಹಾಕಿದಳು. ಒಳಗೆ ಬಂದು ಬಾಯಿ ಹಾಕಬೇಡ ಎಂದು ನಾನು ಅವಳಿಗೆ ಎರಡೆರಡು ಸಲ ಹೇಳಿದೆ.

ಬಾಗಿಲಲ್ಲಿದ್ದ ಜವಾನ ನನ್ನ ಕೈಯ ಕೋಲು ನೋಡಿ, "ದೊರೆಗಳ ಮುಂದೆ ಕೋಲ್ ಇಡ್ಕಂಡ್ ಓಯ್ತೀರಾ? ಇಲ್ಲೇ ಮಡಗಿ" ಎಂದ. ಅವನು ಹೇಳದಿದ್ದರೂ ನಾನೇ ಇಡುತ್ತಿದ್ದೆ ಎನ್ನಿ. ಇಪ್ಪತ್ತೆರಡು ವರ್ಷ ಮೇಷ್ಟ್ರ ಕೆಲಸ ಮಾಡಿದ್ದೇನೆ. ಅಧಿಕಾರಿಯ ಮುಂದೆ ಕೋಲೂರಬಾರದು, ಎಕ್ಕಡ ಮೆಟ್ಟಬಾರದು, ಕೂರಿ ಎನ್ನುವ ತನಕ ಕೂರಬಾರದು ಎನ್ನುವುದು ರಕ್ತಕ್ಕೇ ಇಳಿದಿದೆ. ಕೋಲನ್ನು ಸಾಕಮ್ಮನ ಕೈಗೆ ಕೊಟ್ಟು, ಬರಿಗಾಲಲ್ಲಿ ಒಳಗೆ ಹೋಗಿ ಕೈಮುಗಿದು ನಿಂತೆ.

ಡಾಕ್ಟರು ಬೇರೆ ಯಾವುದೋ ಕಾಗದಗಳಿಗೆ ರುಜು ಹಾಕುತ್ತಿದ್ದರು. ಎದುರಿಗೆ ಒಂದು ಕುರ್ಚಿ ಖಾಲಿ ಇತ್ತು. ಕೂರಿ ಎನ್ನಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು ಆಗಿದ್ದು ಹನ್ನೆರಡು ದಾಟಿತು. ಎಡಗಾಲು ನನ್ನದಲ್ಲ ಎನ್ನಿಸಿತು, ಕೋಟಿನೊಳಗೆ ಬೆವರು ಇಳಿಯಿತು. ಆದರೂ ಬಗ್ಗದೆ, ಜೋತುಬೀಳದೆ, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹಾಗೆ ನೆಟ್ಟಗೆ ನಿಂತಿದ್ದೆ. ಆಮೇಲೆ ಅವರು ಎದ್ದು ಬಂದು ಪೆನ್ಸಿಲಿನ ತುದಿಯಿಂದ ಸೊಂಟ ಒತ್ತಿದರು, ಬಗ್ಗಿಸಿದರು. ಪ್ರಾಣ ಬಾಯಿಗೆ ಬಂತು. ದೊಡ್ಡವರ ಮುಂದೆ ನರಳುವುದು ಹೇಗೆ? ಹಲ್ಲು ಕಚ್ಚಿದೆ. ನೋಯುತ್ತದೆಯೇ ಎಂದು ಕೇಳಿದರೆ, ಎಂಥ ಪೆದ್ದ ನಾನು, ಸ್ವಲ್ಪ ಸ್ವಾಮಿ ಎಂದೆ.

ಹೊರಗೆ ಕಾಯಲು ಹೇಳಿದರು. ಆಮೇಲೆ ಗುಮಾಸ್ತ ಬಂದು, ಡಾಕ್ಟರು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದ. ಅರ್ಜಿದಾರರು ಕೋಲಿನ ಆಸರೆಯಿಲ್ಲದೆ ಮುಕ್ಕಾಲು ಗಂಟೆ ನೆಟ್ಟಗೆ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಪಾಠ ಹೇಳಲು ಅಡ್ಡಿಯಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕೊಟ್ಟ ಮರ್ಯಾದೆಯನ್ನೇ ನನ್ನ ಮೇಲೆ ಸಾಕ್ಷಿ ಮಾಡಿಕೊಂಡಿದ್ದರು. ಕುರ್ಚಿ ಕೊಡದೆ ನಿಲ್ಲಿಸಿದವರೇ, ನಿಂತಿದ್ದೆ ಎಂದು ಬರೆದಿದ್ದರು. ಸರ್ಕಾರದ ಹೆಂಚಿಗೆ ಏಣಿ ಹತ್ತುವಾಗ ಯಾವ ಡಾಕ್ಟರೂ ನನ್ನನ್ನು ಯೋಗ್ಯನೋ ಅಲ್ಲವೋ ಎಂದು ನೋಡಿರಲಿಲ್ಲ.

ನನ್ನ ಬಾಯಿ ಕಟ್ಟಿತ್ತು. ಸಾಕಮ್ಮನದು ಕಟ್ಟಲಿಲ್ಲ. ಜವಾನ ಅಡ್ಡ ಬಂದರೂ ಬಿಡದೆ, ಕೋಲು ಹಿಡಿದುಕೊಂಡೇ ಒಳಕ್ಕೆ ನಡೆದಳು. ನಾನೂ ಕುಂಟುತ್ತಾ ಹಿಂದೆ ಹೋದೆ.

"ಸ್ವಾಮಿ, ದಿನಾ ಆಸ್ಗೆಯಿಂದ ಇವ್ರನ್ನ ಎತ್ತಿ ಕೂರ್ಸೋಳು ನಾನು. ನೋವು ಎಷ್ಟದೆ ಅಂತ ನನ್ನ ಕೇಳಿ. ಇವ್ರನ್ನ ಕೇಳಿದ್ರೆ ಸತ್ರೂ ಸ್ವಲ್ಪ ಅಂತಾರೆ."

ಡಾಕ್ಟರು ತಲೆಯೆತ್ತಿ, ಇಬ್ಬರನ್ನೂ ಒಮ್ಮೆ ನೋಡಿದರು. ಕೆಟ್ಟ ಮನುಷ್ಯನ ಮುಖವಲ್ಲ ಅದು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಬರೆದದ್ದು ಬರೆದಾಯಿತು, ಹೊಡೆದುಹಾಕಲು ಬರುವುದಿಲ್ಲ ಎಂದರು. ಇವರು ನಿಲ್ಲಲಾರರು ಎಂದು ಇನ್‌ಸ್ಪೆಕ್ಟರು ತಾವೇ ಕಂಡು ಬರೆದ ವರದಿ ತಂದರೆ ಮೂರು ತಿಂಗಳ ಮೇಲೆ ಮತ್ತೆ ನೋಡಬಹುದಂತೆ. ಇನ್‌ಸ್ಪೆಕ್ಟರು ಬಾಯಲ್ಲಿ ಹೇಳಿದ್ದರೇ ಹೊರತು ಒಂದಕ್ಷರ ಬರೆದಿರಲಿಲ್ಲ. ಅವರು ಬಂದಾಗಲೂ ನಾನು ಎದ್ದು ನಿಂತೇ ಇದ್ದೆನಲ್ಲ.

ಮಧ್ಯಾಹ್ನದ ರೈಲಿಗೆ ಮದ್ದೂರಿಗೆ ಬಂದೆವು. ಮಳವಳ್ಳಿ ಬಸ್ಸು ಸಂಜೆಗೆ. ವೈದ್ಯನಾಥಪುರದ ಶಿವನ ಗುಡಿ ಇಲ್ಲೇ ಇದೆ, ಡಾಕ್ಟರು ಕೈಬಿಟ್ಟರೂ ವೈದ್ಯನಾಥ ಬಿಡುವುದಿಲ್ಲ ಎಂದು ಸಾಕಮ್ಮ ಜಟಕಾ ಮಾಡಿಸಿದಳು. ಅಲ್ಲೂ ನಿಲ್ಲಬೇಕಲ್ಲ ಎಂದು ನಾನು ಗೊಣಗಿದೆ. ಮಂಗಳಾರತಿ ಎರಡು ನಿಮಿಷದಲ್ಲಿ ಮುಗಿಯಿತು. ಎಂದಿನಂತೆ ಹೊರಟೇಬಿಟ್ಟಿದ್ದೆ, ಪೂಜಾರಿಗಳು ಹಿಂದಿನಿಂದ ಕರೆದು, ದರ್ಶನ ಆದಮೇಲೆ ಒಂದು ಗಳಿಗೆ ಕೂತು ಹೋಗಬೇಕು, ಹಾಗೇ ಹೋಗಬಾರದು ಎಂದರು.

ಕಂಬಕ್ಕೆ ಒರಗಿ ಕೂತೆವು. ಶಿಂಷಾ ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಸಾಕಮ್ಮ ರೊಟ್ಟಿಯ ಗಂಟು ಬಿಚ್ಚುತ್ತಾ, "ದೇವ್ರೇ ಕೂತ್ಕೋ ಅಂತಾನೆ ಕಣ್ರೀ. ಅವ್ನ್ಗಿಂತ ದೊಡ್ಡವ್ರಾ ಅವ್ರು?" ಎಂದಳು. ಏಳುವಾಗ ಅವಳೊಂದು ಕಡೆ, ಪೂಜಾರಿಗಳೊಂದು ಕಡೆ ಹಿಡಿದು ಎತ್ತಿದರು. ಆಗ ನಾನು ಗಟ್ಟಿಯಾಗಿಯೇ ನರಳಿದೆ.

ಸಂಜೆ ಬುಡನ್ ಸಾಬರ ಬಸ್ಸೇ ಸಿಕ್ಕಿತು. ಗೋಣಿಚೀಲ ಅದೇ ಸೀಟಿನಲ್ಲಿತ್ತು. ಕೆಲಸ ಆಯ್ತಾ ಎಂದು ಕೇಳಿದರು. ಅರ್ಧ ಆಯಿತು ಎಂದೆ.

ಹದಿನೈದು ದಿನಕ್ಕೆ ಇನ್‌ಸ್ಪೆಕ್ಟರು ಶಾಲೆಗೆ ಬಂದರು. ತರಗತಿ ಪೂರಾ ದಡಬಡ ಎದ್ದು ನಿಂತಿತು. ನನ್ನ ಕಾಲುಗಳೂ ಅಭ್ಯಾಸಬಲದಿಂದ ಏಳಲು ಹವಣಿಸಿದವು. ಕೋಲನ್ನು ಮೇಜಿನ ಮೇಲೆ ಅಡ್ಡ ಇಟ್ಟು, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು, ಕೂತಲ್ಲೇ ನಮಸ್ಕಾರ ಸ್ವಾಮಿ ಎಂದೆ. ಅವರ ಮುಖ ಕೆಂಪಾಯಿತು. ಇದೇನು ಮೇಷ್ಟ್ರೇ, ಏಳುವುದಿಲ್ಲವೋ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಇದನ್ನು ಮೇಲಕ್ಕೆ ಬರೆಯುತ್ತೇನೆ ಎನ್ನುತ್ತಾ ಜೇಬಿನಿಂದ ಪುಸ್ತಕ ತೆಗೆದರು.

ಮಸಿಕುಡಿಕೆಯನ್ನು ಅವರ ಕಡೆಗೆ ಸರಿಸಿದೆ.

"ಬರ್ಕೊಳ್ಳಿ ಸ್ವಾಮಿ. ನಿಲ್ಲಲಿಲ್ಲ ಅಂತಲೇ ಬರ್ಕೊಳ್ಳಿ. ಕಣ್ಣಾರೆ ಕಂಡೆ ಅನ್ನೋದನ್ನೂ ಸೇರಿಸಿ."